ಸ್ಲಿಂಟ್: ನಾಲ್ಕೇ ವರ್ಷ ಬಾಳಿದ ಲೂಯಿವಿಲ್ ರಾಕ್ ಬ್ಯಾಂಡ್ – ಇಸವಿಗಳು, ಕೇಳುವ ಬಗೆ, ನುಡಿಸುವ ಲೆಕ್ಕ

ನೆಲಮಾಳಿಗೆ

ಸ್ಲಿಂಟ್ ಬಗ್ಗೆ ಈ ಸಂಗೀತ ವೇದಿಕೆಯಲ್ಲಿ ಆಗಾಗ ಪ್ರಶ್ನೆ ಬರುತ್ತದೆ, ಉತ್ತರಗಳಲ್ಲಿ ಇಸವಿಗಳು ಕಲಸಿಹೋಗುತ್ತವೆ. ಎಲ್ಲವೂ ಒಂದೆಡೆ ಸಿಗಲಿ ಎಂದು ಈ ಎಳೆ ಶುರುಮಾಡಿದ್ದೇನೆ. ತಪ್ಪಿದ್ದರೆ ತಿದ್ದಿ.

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ಊರು. 1986ರಲ್ಲಿ ಬ್ಯಾಂಡ್ ಕೂಡಿತು. ಬ್ರಯನ್ ಮೆಕ್‌ಮಹಾನ್ ಗಿಟಾರ್ ಮತ್ತು ದನಿ, ಡೇವಿಡ್ ಪಾಹೊ ಗಿಟಾರ್, ಬ್ರಿಟ್ ವಾಲ್ಫೋರ್ಡ್ ಡ್ರಮ್ಸ್, ಈಥನ್ ಬಕ್ಲರ್ ಬೇಸ್. ವಾಲ್ಫೋರ್ಡ್ ಸಾಕಿದ್ದ ಮೀನೊಂದರ ಹೆಸರು ಸ್ಲಿಂಟ್, ಅದೇ ಬ್ಯಾಂಡಿಗೂ ಆಯಿತು. ಇವರು ಏಕಾಏಕಿ ಹುಟ್ಟಿಕೊಂಡವರಲ್ಲ. ಮೆಕ್‌ಮಹಾನ್ ಮತ್ತು ವಾಲ್ಫೋರ್ಡ್ ಹದಿಹರೆಯದಲ್ಲೇ ಸ್ಕ್ವಿರಲ್ ಬೇಟ್ ಎಂಬ ಬ್ಯಾಂಡಿನಲ್ಲಿದ್ದವರು. ವಾಲ್ಫೋರ್ಡ್ ಮತ್ತು ಪಾಹೊ, ಮಾರೀಸ್ ಎಂಬ ಪಂಕ್-ಮೆಟಲ್ ತಂಡದಲ್ಲಿ ಜೊತೆಗೆ ನುಡಿಸಿದವರು. ಅಂದರೆ ಗದ್ದಲದ ಸಂಗೀತವನ್ನು ಚೆನ್ನಾಗಿ ಬಲ್ಲವರೇ ಸದ್ದು ತಗ್ಗಿಸಲು ಹೊರಟರು. ಈ ಹಿನ್ನೆಲೆ ಗೊತ್ತಿಲ್ಲದೆ ಅವರ ಮೌನವನ್ನು ಹಲವರು ಸೌಮ್ಯತೆ ಎಂದುಕೊಳ್ಳುತ್ತಾರೆ.

ಎಡವುವುದು ಇಲ್ಲಿ: ಧ್ವನಿಮುದ್ರಣವಾದ ವರ್ಷ ಬೇರೆ, ಬಿಡುಗಡೆಯಾದ ವರ್ಷ ಬೇರೆ.

ಮೊದಲ ಆಲ್ಬಮ್ ‘ಟ್ವೀಜ್’ ಮುದ್ರಣಗೊಂಡಿದ್ದು 1987ರಲ್ಲಿ, ಎಂಜಿನಿಯರ್ ಸ್ಟೀವ್ ಅಲ್ಬಿನಿ ಕೈಯಲ್ಲಿ. ಹೊರಬಂದದ್ದು 1989ರಲ್ಲಿ, ಗೆಳತಿಯೊಬ್ಬರ ಪುಟ್ಟ ಲೇಬಲ್‌ನಿಂದ. ಟಚ್ ಅಂಡ್ ಗೋ ಎಂಬ ರೆಕಾರ್ಡ್ ಸಂಸ್ಥೆ ಅದನ್ನು 1993ರಲ್ಲಿ ಮತ್ತೆ ತಂದಿತು. ‘ಗ್ಲೆನ್’, ‘ರೋಡಾ’ ಎಂಬ ಎರಡು ವಾದ್ಯಕೃತಿಗಳ ಹೆಸರಿಲ್ಲದ ಇಪಿ (ಆಲ್ಬಮ್‌ಗಿಂತ ಚಿಕ್ಕ ತಟ್ಟೆ) ಮುದ್ರಣಗೊಂಡಿದ್ದು 1989ರಲ್ಲಿ, ಮತ್ತೆ ಅಲ್ಬಿನಿ ಜೊತೆಗೇ. ಬಂದದ್ದು 1994ರಲ್ಲಿ, ಬ್ಯಾಂಡ್ ಇಲ್ಲವಾಗಿ ಎಷ್ಟೋ ಕಾಲದ ಮೇಲೆ. ‘ಸ್ಪೈಡರ್‌ಲ್ಯಾಂಡ್’ ಎಂಬ ಎರಡನೆಯ ಆಲ್ಬಮ್ 1990ರ ಆಗಸ್ಟ್‌ನಲ್ಲಿ ಶಿಕಾಗೋದ ರಿವರ್ ನಾರ್ತ್ ರೆಕಾರ್ಡರ್ಸ್ ಸ್ಟುಡಿಯೋದಲ್ಲಿ ನಾಲ್ಕು ದಿನಗಳಲ್ಲಿ ಆಯಿತು. ಬ್ರಯನ್ ಪಾಲ್ಸನ್ ಎಂಜಿನಿಯರ್. 1991ರ ಮಾರ್ಚ್ ಕೊನೆಗೆ ಅದು ಅಂಗಡಿ ಸೇರುವಷ್ಟರಲ್ಲಿ ಮೆಕ್‌ಮಹಾನ್ ಹೊರನಡೆದು ಬ್ಯಾಂಡ್ ಮುಗಿದುಹೋಗಿತ್ತು.

ಕೇಳುವಾಗ ಮುದ್ರಣದ ಕ್ರಮವನ್ನೇ ಹಿಡಿಯಿರಿ: ‘ಟ್ವೀಜ್’, ಆಮೇಲೆ ಇಪಿ, ಕೊನೆಗೆ ‘ಸ್ಪೈಡರ್‌ಲ್ಯಾಂಡ್’. ಬಿಡುಗಡೆಯ ಕ್ರಮದಲ್ಲಿ ಕೇಳಿದರೆ ಇಪಿ ಹಿಂದಕ್ಕೆ ಹೋದಂತೆ ಕೇಳಿಸುತ್ತದೆ. ನಿಜದಲ್ಲಿ ಅದು ಎರಡು ಆಲ್ಬಮ್‌ಗಳ ನಡುವಿನ ಸೇತುವೆ. ‘ರೋಡಾ’ ಎರಡೂ ಕಡೆ ಇದೆ, ‘ಟ್ವೀಜ್’ನ ಕೊನೆಗೊಮ್ಮೆ, ಇಪಿಯಲ್ಲೊಮ್ಮೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ನಡುವಿನ ಎರಡು ವರ್ಷದಲ್ಲಿ ಏನಾಯಿತೆಂದು ಕಿವಿಗೇ ಗೊತ್ತಾಗುತ್ತದೆ.

ತಂತಿಮೀಟು

ಒಳ್ಳೆಯ ಎಳೆ ಸರ್. ಒಂದು ಸೇರ್ಪಡೆ. ‘ಟ್ವೀಜ್’ನ ಒಂಬತ್ತು ಹಾಡುಗಳ ಹೆಸರಿಗೆ ಅರ್ಥವೇನು ಎಂದು ಕೇಳುವವರಿಗೆ: ನಾಲ್ವರ ತಂದೆತಾಯಿಯರ ಹೆಸರು ಎಂಟು, ಒಂಬತ್ತನೆಯ ‘ರೋಡಾ’ ಸಾಕುನಾಯಿಯದು. ಅದರಾಚೆ ಗೂಢಾರ್ಥ ಹುಡುಕಬೇಕಾಗಿಲ್ಲ.

ಬಕ್ಲರ್ ಬಿಟ್ಟುಹೋದದ್ದನ್ನೂ ಸೇರಿಸಬೇಕಿತ್ತು. ‘ಟ್ವೀಜ್’ನ ಸದ್ದು ಅವರಿಗೆ ಒಗ್ಗಲಿಲ್ಲ. ಹೊರಟು ಕಿಂಗ್ ಕಾಂಗ್ ಎಂಬ ತಮ್ಮದೇ ತಂಡ ಕಟ್ಟಿದರು. ಬೇಸ್‌ಗೆ ಟಾಡ್ ಬ್ರಶಿಯರ್ ಬಂದರು. ‘ಸ್ಪೈಡರ್‌ಲ್ಯಾಂಡ್’ನಲ್ಲಿ ಕೇಳುವ ಬೇಸ್ ಬ್ರಶಿಯರ್ ಅವರದು. ಇದನ್ನು ಬಕ್ಲರ್ ಖಾತೆಗೆ ಬರೆದ ಪಟ್ಟಿಗಳನ್ನು ನಂಬಬೇಡಿ.

ರಾತ್ರಿಪಾಳಿ

‘ಟ್ವೀಜ್’ ಬಗ್ಗೆ ನನ್ನ ತಕರಾರಿದೆ. ಹೊಸಬರನ್ನು ಮೊದಲು ಅಲ್ಲಿಗೆ ಕಳಿಸುವುದು ತಪ್ಪು. ಗಿಟಾರ್ ತಗಡು ಕೊಯ್ದಂತೆ, ಡ್ರಮ್ಸ್ ಕಿವಿಗೆ ಹತ್ತಿರ ಬಡಿದಂತೆ, ನಡುನಡುವೆ ಸ್ಟುಡಿಯೋದ ಮಾತು, ಸದ್ದು. ಅರ್ಧ ಗಂಟೆಯೂ ಇಲ್ಲದ ಆ ಆಲ್ಬಮ್ ಕೇಳಿ ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ‘ಸ್ಪೈಡರ್‌ಲ್ಯಾಂಡ್’ ಮೊದಲು, ಮಿಕ್ಕದ್ದು ಆಮೇಲೆ.

ನೆಲಮಾಳಿಗೆ

ಒಪ್ಪುತ್ತೇನೆ, ಮೊದಲ ಬಾರಿಗೆ ಕೇಳುವವರಿಗೆ ‘ಸ್ಪೈಡರ್‌ಲ್ಯಾಂಡ್’ ಸಾಕು. ನಾನು ಹೇಳಿದ ಕ್ರಮ ಎರಡನೆಯ ಸುತ್ತಿಗೆ. ಆದರೆ ‘ಟ್ವೀಜ್’ನ ಒರಟುತನವನ್ನೆಲ್ಲ ಎಂಜಿನಿಯರ್ ಮೇಲೆ ಹಾಕಬೇಡಿ. ಬಕ್ಲರ್ ಬಿಟ್ಟು ಮಿಕ್ಕ ಹುಡುಗರಿಗೂ ಆಗ ಅಂಥ ಸದ್ದೇ ಬೇಕಿತ್ತು. ಅದೇ ಅಲ್ಬಿನಿ ಎರಡು ವರ್ಷದ ನಂತರ ಹಿಡಿದ ‘ಗ್ಲೆನ್’ ಕೇಳಿ: ಬೇಸ್‌ಗೆ ತೂಕವಿದೆ, ಡ್ರಮ್ಸ್ ಸುತ್ತ ಕೋಣೆಯ ಗಾಳಿ ಇದೆ, ಯಾವುದೂ ಕಿತ್ತಾಡುವುದಿಲ್ಲ. ಬದಲಾದದ್ದು ಬ್ಯಾಂಡು.

ಸೂಜಿಮೊನೆ

ಕೇಳುವ ಬಗೆಗೆ ಬರೋಣ. ‘ಸ್ಪೈಡರ್‌ಲ್ಯಾಂಡ್’ ಸಿಡಿಯ ಮೇಲೇ ಅಚ್ಚಾಗಿತ್ತು, ಈ ಮುದ್ರಣವನ್ನು ಕೇಳಬೇಕಾದದ್ದು ವಿನೈಲ್ ತಟ್ಟೆಯಲ್ಲಿ ಎಂದು. ತಟ್ಟೆ ಕೊಳ್ಳುವ ಮುನ್ನ ಅದರ ಅಳತೆಯನ್ನೂ ತಿಳಿದಿರಿ.

ಮೊದಲ ಬದಿ: ‘ಬ್ರೆಡ್‌ಕ್ರಂಬ್ ಟ್ರೇಲ್’ 5:55, ‘ನೊಸ್ಫೆರಾಟು ಮ್ಯಾನ್’ 5:35, ‘ಡಾನ್, ಅಮಾನ್’ 6:28. ಒಟ್ಟು 17 ನಿಮಿಷ 58 ಸೆಕೆಂಡು.

ಎರಡನೆಯ ಬದಿ: ‘ವಾಷರ್’ 8:50, ‘ಫಾರ್ ಡಿನ್ನರ್...’ 5:05, ‘ಗುಡ್ ಮಾರ್ನಿಂಗ್, ಕ್ಯಾಪ್ಟನ್’ 7:38. ಒಟ್ಟು 21 ನಿಮಿಷ 33 ಸೆಕೆಂಡು.

12 ಇಂಚಿನ ತಟ್ಟೆಗೆ ಇದು ಹದವಾದ ಅಳತೆ. ಬದಿ ಉದ್ದವಾದಷ್ಟೂ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗುತ್ತದೆ, ಸದ್ದಿನ ಮಟ್ಟ ಇಳಿಸಬೇಕಾಗುತ್ತದೆ, ಮೆಲುದನಿಯ ಭಾಗ ತಟ್ಟೆಯ ಚಟಪಟದಲ್ಲಿ ಮುಳುಗುತ್ತದೆ. ಇಲ್ಲಿ ಆ ತೊಂದರೆ ಕಡಿಮೆ. ನಿಜವಾದ ತೊಂದರೆ ಬೇರೆ ಕಡೆ ಇದೆ. ಇಡೀ ಆಲ್ಬಮಿನ ಅತಿ ಜೋರಾದ ಗಳಿಗೆ, ಅಂದರೆ ‘ಕ್ಯಾಪ್ಟನ್’ ಹಾಡಿನ ಕೊನೆಯ ಕೂಗು, ಎರಡನೆಯ ಬದಿಯ ಕಟ್ಟಕಡೆಗೆ ಬರುತ್ತದೆ. 33⅓ ವೇಗದಲ್ಲಿ ತಟ್ಟೆಯ ಹೊರ ಅಂಚಿನ ಗೆರೆ ಸೂಜಿಯಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡಿದರೆ, ಒಳ ಅಂಚಿನದು ಸುಮಾರು 21 ಸೆಂಟಿಮೀಟರ್ ಅಷ್ಟೇ. ಅದೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಅಡಕಬೇಕು. ಸೂಜಿ ಸವೆದಿದ್ದರೆ, ಕೋನ ತಪ್ಪಿದ್ದರೆ, ಅಲ್ಲೇ ಕೂಗು ಒಡೆದು ಕರಕರ ಎನ್ನುತ್ತದೆ. ಎಷ್ಟೋ ಜನ ಅದನ್ನೇ ಮೂಲ ಮುದ್ರಣದ ಒರಟುತನ ಎಂದು ತಿಳಿದಿದ್ದಾರೆ. ಪರೀಕ್ಷೆ ಸುಲಭ: ಅದೇ ಭಾಗವನ್ನು ಡಿಜಿಟಲ್ ಕಡತದಲ್ಲಿ ಕೇಳಿ. ಅಲ್ಲಿ ಇಲ್ಲದ ಕರಕರ ನಿಮ್ಮ ಟರ್ನ್‌ಟೇಬಲ್‌ನದು.

ಸರಿಪಡಿಸುವ ಕ್ರಮ: ಮೊದಲು ಸೂಜಿ ಶುಚಿಮಾಡಿ, ಒಣ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ. ಆಮೇಲೆ ಸೂಜಿ ತಟ್ಟೆಯನ್ನು ಒತ್ತುವ ತೂಕ. ಕಾರ್ಟ್ರಿಜ್ (ಸೂಜಿ ಕೂತಿರುವ ಪುಟ್ಟ ಭಾಗ) ತಯಾರಕರು ಹೇಳಿದ ಮಿತಿಯ ಮೇಲ್ತುದಿಗೆ ಇಡಿ, 1.8ರಿಂದ 2.2 ಗ್ರಾಂ ಎಂದಿದ್ದರೆ 2.0 ಅಥವಾ 2.1. ಕಡಿಮೆ ತೂಕ ತಟ್ಟೆಗೆ ಒಳ್ಳೆಯದು ಎಂಬುದು ತಪ್ಪು ಕಲ್ಪನೆ, ಹಗುರ ಸೂಜಿ ಗೆರೆಯಲ್ಲಿ ಕುಣಿದು ಗೋಡೆಯನ್ನೇ ಕೆರೆಯುತ್ತದೆ. ಮೂರನೆಯದು ಕೋನ: ಕಾರ್ಟ್ರಿಜ್ ಹೊಂದಿಸಲು ಬಳಸುವ ಅಳತೆ ಕಾಗದದ ಎರಡೂ ಬಿಂದುಗಳಲ್ಲಿ ಕಾರ್ಟ್ರಿಜ್ ಗೆರೆಗೆ ಸಮಾನಾಂತರ ನಿಲ್ಲಬೇಕು, ಒಂದರಲ್ಲಿ ಮಾತ್ರ ಕೂತರೆ ಸಾಲದು. ಇಷ್ಟಾದರೂ ಒಡೆದರೆ ಗೋಲ ಮೊನೆಯ ಸೂಜಿ ತೆಗೆದು ಅಂಡಾಕಾರದ ಮೊನೆಯದು ಹಾಕಿ.

ಕರಾವಳಿ, ಮಲೆನಾಡಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊರಚೀಲದ ಬಾಯಿ ಮುಚ್ಚಿಡಬೇಡಿ, ಒಳಗೆ ಬೂಸಲು ಕಟ್ಟುತ್ತದೆ. ಕಾಗದದ ಒಳಚೀಲ ತೇವ ಹಿಡಿಯುತ್ತದೆ, ಪಾಲಿಥೀನ್ ಒಳಚೀಲಕ್ಕೆ ಬದಲಿಸಿ. ತಟ್ಟೆಗಳನ್ನು ನೇರ ನಿಲ್ಲಿಸಿಡಿ.

ಅಡಿಕೆತೋಟ

ಟರ್ನ್‌ಟೇಬಲ್ ಇಲ್ಲದವರು? ಫೋನಿನಲ್ಲಿ ಕೇಳಿದರೆ ‘ಡಾನ್, ಅಮಾನ್’ ಕೇಳಿಸುವುದೇ ಇಲ್ಲ, ಸದ್ದು ಏರಿಸಿದರೆ ಆಮೇಲೆ ಕಿವಿ ಹರಿಯುತ್ತದೆ ಎನ್ನುವ ದೂರು ಸಾಮಾನ್ಯ.

ಸೂಜಿಮೊನೆ

ಅದು ಆಲ್ಬಮಿನ ದೋಷವಲ್ಲ, ಅದೇ ಅದರ ಕಸುಬು. ಮೂರು ಕೆಲಸ ಮಾಡಿ.

ಒಂದು, ಆಪ್‌ನಲ್ಲಿ ಎಲ್ಲ ಹಾಡುಗಳ ಸದ್ದನ್ನು ಸಮ ಮಾಡುವ ಆಯ್ಕೆ ಇರುತ್ತದೆ, ಅದನ್ನು ಬಂದ್ ಮಾಡಿ. ಕೆಲವು ಆಪ್‌ಗಳಲ್ಲಿ ಇಡೀ ಆಲ್ಬಮಿಗೆ ಒಂದೇ ಅಳತೆ ಹಾಕುವ ಬಗೆ ಇದೆ, ಅದು ಪರವಾಗಿಲ್ಲ. ಹಾಡು ಹಾಡಿಗೂ ಅಳತೆ ಹಾಕುವ ಬಗೆ ಬೇಡ. ‘ಡಾನ್, ಅಮಾನ್’ ಮೇಲೆದ್ದು ‘ನೊಸ್ಫೆರಾಟು ಮ್ಯಾನ್’ ಕುಗ್ಗಿ, ಹಾಡುಗಳ ನಡುವಿನ ದೂರವೇ ಅಳಿಸಿಹೋಗುತ್ತದೆ.

ಎರಡು, ಸದ್ದನ್ನು ಕೊನೆಯಿಂದ ಹೊಂದಿಸಿ. ‘ಕ್ಯಾಪ್ಟನ್’ನ ಕೊನೆಯ ಒಂದು ನಿಮಿಷ ಹಾಕಿ, ಜೋರೆನಿಸಿದರೂ ನೋಯದ ಮಟ್ಟಕ್ಕೆ ತನ್ನಿ. ಈಗ ಮೊದಲ ಹಾಡಿಗೆ ಹೋಗಿ, 39 ನಿಮಿಷ 31 ಸೆಕೆಂಡು ಗುಂಡಿ ಮುಟ್ಟಬೇಡಿ. ಎಲ್ಲರೂ ಉಲ್ಟಾ ಮಾಡುತ್ತಾರೆ: ಮೊದಲ ಹಾಡಿನ ಮೆಲು ಗಿಟಾರ್‌ಗೆ ಸದ್ದು ಏರಿಸುತ್ತಾರೆ, ಅಬ್ಬರ ಬಂದಾಗ ಬೆಚ್ಚಿ ಇಳಿಸುತ್ತಾರೆ, ಆಮೇಲೆ ಪಿಸುಮಾತು ಕೇಳಿಸುವುದಿಲ್ಲ.

ಮೂರು, ಬಸ್ಸು, ಮೆಟ್ರೋ ಬೇಡ. ಎಂಜಿನ್ನಿನ ಗುಂಯ್ ಸದ್ದು ಈ ಆಲ್ಬಮಿನ ಕೆಳ ಅರ್ಧವನ್ನು ನುಂಗುತ್ತದೆ. ರಾತ್ರಿ ಫ್ಯಾನ್ ನಿಲ್ಲಿಸಿದ ಕೋಣೆ ಇದಕ್ಕೆ ಸರಿ.

ಏಳೆಣಿಕೆ

ನುಡಿಸುವವರಿಗಾಗಿ ಲೆಕ್ಕ. ‘ಬ್ರೆಡ್‌ಕ್ರಂಬ್ ಟ್ರೇಲ್’ನ ಮುಖ್ಯ ವರಸೆ ಏಳೆಣಿಕೆಯದು. ‘ನೊಸ್ಫೆರಾಟು ಮ್ಯಾನ್’ ಪದ್ಯಭಾಗ ಐದೆಣಿಕೆ, ಅಬ್ಬರದ ಭಾಗಕ್ಕೆ ಹೋದಾಗ ಎಣಿಕೆ ಬದಲಾಗುತ್ತದೆ. ‘ಕ್ಯಾಪ್ಟನ್’ ಎರಡೇ ಕಾರ್ಡ್‌ಗಳ ಸುತ್ತ ತಿರುಗುವ, ಎಣಿಕೆಯಲ್ಲಿ ಸರಳವಾದ ಹಾಡು. ಅದರ ಕಷ್ಟ ಡ್ರಮ್ಸ್‌ನ ಕುಂಟು ನಡೆಯಲ್ಲಿದೆ.

ಕರ್ನಾಟಕ ಸಂಗೀತದ ಪಾಠವಾದವರು ಏಳು ಎಂದ ಕೂಡಲೇ ಮಿಶ್ರ ಛಾಪು ಹಿಡಿಯುತ್ತಾರೆ: ತಕಿಟ ತಕಧಿಮಿ. ಐದಕ್ಕೆ ಖಂಡ ಛಾಪು: ತಕ ತಕಿಟ. ಲೆಕ್ಕ ತಪ್ಪದಿರಲು ಇದು ನಿಜಕ್ಕೂ ನೆರವಾಗುತ್ತದೆ, ಒಂದೆರಡು ದಿನ ಹಾಗೇ ಅಭ್ಯಾಸ ಮಾಡಿ. ಆಮೇಲೆ ಬಿಟ್ಟುಬಿಡಿ. ಛಾಪುವಿನ ಘಾತ ಬೀಳುವ ಕಡೆಯೆಲ್ಲ ಗಿಟಾರ್ ಒತ್ತಿ ಬಂದರೆ ಹಾಡಿಗೆ ಇಲ್ಲದ ಓಲಾಟ ಸೇರುತ್ತದೆ. ಇಲ್ಲಿ ಏಳೂ ಎಣಿಕೆ ಸಪಾಟಾಗಿ ನಡೆಯಬೇಕು, ಏಳು ಎಂಬುದೇ ಕೇಳುವವರಿಗೆ ಗೊತ್ತಾಗಬಾರದು. ಕಾಲಿನಲ್ಲಿ ಒಂದೊಂದೇ ಎಣಿಕೆ, ಬಾಯಲ್ಲಿ ಒಂದರಿಂದ ಏಳು, ಒಂದರ ಮೇಲೂ ಒತ್ತಿಲ್ಲದೆ.

ಮೆಟ್ರೋನೋಮ್ (ಲಯಕ್ಕೆ ಟಿಕ್ ಎನ್ನುವ ಯಂತ್ರ) ಹಿಡಿದು ಅಭ್ಯಾಸದ ಕ್ರಮ: ಹಾಡಿನ ವೇಗದ ಅರವತ್ತು ಪ್ರತಿಶತಕ್ಕೆ ಇಳಿಸಿ. ಪ್ರತಿ ಎಣಿಕೆಗೂ ಟಿಕ್. ಇಪ್ಪತ್ತು ಆವರ್ತ ತಪ್ಪಿಲ್ಲದೆ ಬಂದರೆ ಮಾತ್ರ ನಾಲ್ಕು ಬಿಪಿಎಂ (ನಿಮಿಷಕ್ಕೆ ಬೀಳುವ ಟಿಕ್) ಏರಿಸಿ. ಪೂರ್ತಿ ವೇಗ ಮುಟ್ಟಿದ ಮೇಲೆ ಏಳಕ್ಕೊಂದೇ ಟಿಕ್ ಇಟ್ಟು ನುಡಿಸಿ. ಅಲ್ಲಿ ಜಾರಿದರೆ ಇನ್ನೂ ಕೂತಿಲ್ಲ ಎಂದರ್ಥ.

ತಂತಿಮೀಟು

‘ಬ್ರೆಡ್‌ಕ್ರಂಬ್’ ಶುರುವಿನ ಗಿಟಾರ್‌ನಲ್ಲಿ ಬರುವ ಗಂಟೆಯಂಥ ಸ್ವರಗಳು ಹಾರ್ಮೋನಿಕ್‌ಗಳು. ತಂತಿಯನ್ನು ಒತ್ತದೆ ಬರಿದೇ ತಾಗಿ ಮೀಟುವುದು. ಹೆಚ್ಚಿನವರಿಗೆ ಮೂರು ಕಾರಣಕ್ಕೆ ಬರುವುದಿಲ್ಲ.

ಬೆರಳು ಫ್ರೆಟ್ ನಡುವಿನ ಜಾಗದಲ್ಲಿರುತ್ತದೆ. ಲೋಹದ ಪಟ್ಟಿಯ ನೇರ ಮೇಲೆ ಇರಬೇಕು. 12ನೆಯ ಫ್ರೆಟ್ ಸಲೀಸು, 7ನೆಯದು ಪರವಾಗಿಲ್ಲ, 5ನೆಯದಕ್ಕೆ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಸತ್ತುಹೋಗುತ್ತದೆ. ಎರಡನೆಯದು ಹಳೆ ತಂತಿ. ಬೆವರು ತುಕ್ಕು ಹಿಡಿದ ತಂತಿಯಲ್ಲಿ ಮೇಲಿನ ಸ್ವರಗಳು ಹುಟ್ಟುವುದೇ ಇಲ್ಲ. ಹೊಸ ಸೆಟ್ ಹಾಕಿ, 10–46 ದಪ್ಪದ್ದು ಸಾಕು, ಕೈಯಿಂದ ಎಳೆದು ಶ್ರುತಿ ನಿಲ್ಲಿಸಿ, ಒಂದು ದಿನ ಬಿಟ್ಟು ನುಡಿಸಿ. ಮೂರನೆಯದು ಮೀಟುವ ಜಾಗ: ಕತ್ತಿನ ಹತ್ತಿರ ಬೇಡ, ಬ್ರಿಡ್ಜ್ ಕಡೆ ಸರಿಯಿರಿ. ಬೆರಳನ್ನು ಮೀಟಿದ ಕೂಡಲೇ ಎತ್ತಿ.

ಇನ್ನು ಡಿಸ್ಟಾರ್ಷನ್, ಅಂದರೆ ಗಿಟಾರ್ ಸದ್ದನ್ನು ಒಡೆಯುವುದು. ಪೆಡಲ್ ತುಳಿದು ಅಬ್ಬರಕ್ಕೆ ಹೋಗುವವರು ಒಂದು ತಪ್ಪು ಮಾಡುತ್ತಾರೆ: ಪೆಡಲ್‌ನ ಗೇನ್ (ಒಡೆಯುವ ಪ್ರಮಾಣ) ಪೂರ್ತಿ ಏರಿಸಿ, ಲೆವೆಲ್ (ಹೊರಬರುವ ಸದ್ದಿನ ಮಟ್ಟ) ಕೆಳಗಿಡುತ್ತಾರೆ. ಆಗ ಸದ್ದು ಒರಟಾಗುತ್ತದೆ, ದೊಡ್ಡದಾಗುವುದಿಲ್ಲ. ಈ ಬ್ಯಾಂಡಿನ ಹಾಡಿಗೆ ದೊಡ್ಡದಾಗುವುದೇ ಮುಖ್ಯ. ಗೇನ್ ಅರ್ಧಕ್ಕೆ ಇಳಿಸಿ, ಲೆವೆಲ್ ಏರಿಸಿ. ಪೆಡಲ್ ಹಾಕಿದಾಗ ಸ್ವಚ್ಛ ಸದ್ದಿಗಿಂತ 6ರಿಂದ 8 ಡೆಸಿಬೆಲ್ ಮೇಲೆ ನಿಲ್ಲಲಿ. ಮೆಲು-ಜೋರು ಸದ್ದನ್ನು ಸಮ ಮಾಡುವ ಕಂಪ್ರೆಸರ್ ಪೆಡಲ್ ಇದ್ದರೆ ಅದನ್ನು ಸಾಲಿನಿಂದಲೇ ಕಳಚಿ.

ರಾತ್ರಿಪಾಳಿ

ಡ್ರಮ್ಸ್ ಬಗ್ಗೆ ಯಾರೂ ಬರೆದಿಲ್ಲ, ಬ್ಯಾಂಡಿನ ಬೆನ್ನೆಲುಬೇ ವಾಲ್ಫೋರ್ಡ್. ಸದ್ದು ಏರಿದಾಗ ವೇಗವೂ ಏರುವುದು ಎಲ್ಲ ಡ್ರಮ್ಮರ್‌ಗಳ ರೋಗ. ‘ವಾಷರ್’ನಲ್ಲಿ ಅದು ಕೊಲೆಗೆ ಸಮ. ಶುರುವಿನಲ್ಲಿ ಗಿಟಾರ್ ಮತ್ತು ಸಿಂಬಲ್ ಮಾತ್ರ, ಆಮೇಲೆ ಮಿಕ್ಕವರು ಸೇರುತ್ತಾರೆ, ಅಬ್ಬರ ಬರಲು ಎಷ್ಟೋ ನಿಮಿಷ ಕಾಯಬೇಕು. ಮೆಲು ಭಾಗದಲ್ಲಿ ಕೋಲು ಡ್ರಮ್ಮಿನಿಂದ 3 ಸೆಂಟಿಮೀಟರ್‌ಗಿಂತ ಮೇಲೇಳದಿರಲಿ; ಅಬ್ಬರದಲ್ಲಿ 30 ಸೆಂಟಿಮೀಟರ್. ಕೈ ಹೆಚ್ಚು ದೂರ ಹೋಗಬೇಕಾದಾಗ ಬೇಗ ಹೊರಡಬೇಕು. ಆ ಅವಸರವೇ ವೇಗವಾಗಿ ಕೇಳಿಸುತ್ತದೆ. ಕಿವಿಯಲ್ಲಿ ಕ್ಲಿಕ್ ಇಟ್ಟು, ಎರಡು ಎತ್ತರಗಳ ನಡುವೆ ಎಂಟೆಂಟು ಆವರ್ತಕ್ಕೊಮ್ಮೆ ಬದಲಿಸುವ ಅಭ್ಯಾಸ ಮಾಡಿ.

‘ಡಾನ್, ಅಮಾನ್’ಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಡ್ರಮ್ಸೇ ಇಲ್ಲ. ಎರಡು ಗಿಟಾರ್, ಒಂದು ಪಿಸುದನಿ, ಆ ದನಿ ವಾಲ್ಫೋರ್ಡ್ ಅವರದೇ. ವೇಗ ಬೇಕೆಂದೇ ಏರುತ್ತದೆ. ಕ್ಲಿಕ್ ಹಾಕಿ ನುಡಿಸಿದರೆ ಹಾಡು ಸಾಯುತ್ತದೆ. ಇಬ್ಬರೂ ಎದುರುಬದುರು ಕೂತು, ಒಬ್ಬರ ಬಲಗೈಯನ್ನು ಇನ್ನೊಬ್ಬರು ನೋಡುತ್ತಾ ನುಡಿಸಿ.

ಅಡಿಕೆತೋಟ

ದನಿ ಮುದ್ರಿಸುವುದು ಹೇಗೆ? ಪಿಸುಮಾತಿಗೆ ಇಟ್ಟ ಮೈಕ್ ಗೇನ್‌ನಲ್ಲಿ ಕೂಗಿದರೆ ಕೆಂಪು ದೀಪ ಹೊತ್ತುತ್ತದೆ.

ನೆಲಮಾಳಿಗೆ

ಎರಡು ಮೈಕ್, ಎರಡು ಟ್ರ್ಯಾಕ್, ಒಂದೇ ಟೇಕ್. ಮಾತಿನ ಮೈಕ್ ಬಾಯಿಂದ 6ರಿಂದ 8 ಸೆಂಟಿಮೀಟರ್, ನಡುವೆ ಪಾಪ್ ಫಿಲ್ಟರ್, 80 ಹರ್ಟ್ಜ್‌ನ ಕೆಳಗಿನದನ್ನು ಕತ್ತರಿಸಿ. ಕೂಗಿನ ಮೈಕ್ 30ರಿಂದ 40 ಸೆಂಟಿಮೀಟರ್ ಹಿಂದೆ, ಸದ್ದನ್ನು 10 ಡೆಸಿಬೆಲ್ ತಗ್ಗಿಸುವ ಪ್ಯಾಡ್ ಹಾಕಿ. ಎರಡನ್ನೂ ಏಕಕಾಲಕ್ಕೆ ತೆರೆದಿಟ್ಟು ಬೆರೆಸಬೇಡಿ. ದೂರದ ವ್ಯತ್ಯಾಸದಿಂದ ಫೇಸ್ (ಎರಡು ಅಲೆಗಳ ಹೊಂದಾಣಿಕೆ) ಕೆಟ್ಟು ದನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಪದಗಳ ನಡುವಿನ ಬಿಡುವಿನಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಿ. ಮಿಕ್ಸ್ ಮಾಡುವಾಗ ಮಾತನ್ನು ಗಿಟಾರ್‌ಗಿಂತ ಸ್ವಲ್ಪ ಕೆಳಗೇ ಬಿಡಿ. ಪ್ರತಿ ಪದ ಸ್ಪಷ್ಟವಾಗಲಿ ಎಂದು ಮೇಲೆತ್ತಿದರೆ ಅದು ರೇಡಿಯೋ ನಾಟಕವಾಗುತ್ತದೆ. ಕೇಳುವವರು ಮುಂದಕ್ಕೆ ಬಾಗಬೇಕು.

ಕೂಗಿನ ಟೇಕ್ ದಿನಕ್ಕೆ ಎರಡು, ಹೆಚ್ಚೆಂದರೆ ಮೂರು, ಅದೂ ದಿನದ ಕೊನೆಗೆ. ‘ಕ್ಯಾಪ್ಟನ್’ನ ಕೂಗನ್ನು ಮುದ್ರಿಸಿದ ಮೇಲೆ ಮೆಕ್‌ಮಹಾನ್ ಆ ಶ್ರಮಕ್ಕೆ ಅಸ್ವಸ್ಥರಾದರು. ಏಳು ನಿಮಿಷ ಮಾತಿನಲ್ಲೇ ಹಿಡಿದಿಟ್ಟದ್ದನ್ನು ಒಮ್ಮೆಲೇ ಬಿಡುವ ಹಾಡು ಅದು. ಇಂಗ್ಲಿಷ್ ಕವಿ ಕೋಲ್‌ರಿಜ್‌ನ ಮುದಿ ನಾವಿಕನ ಕವನದ ನೆರಳು ಅದರ ಕಥೆಯ ಮೇಲಿದೆ: ಒಡೆದ ಹಡಗು, ಒಬ್ಬನೇ ಉಳಿದವನು, ಬಾಗಿಲಲ್ಲಿ ಒಂದು ಮಗು.

ಏಳೆಣಿಕೆ

ನಾಲ್ಕು ದಿನದಲ್ಲಿ ಆಲ್ಬಮ್ ಎಂದು ಕೇಳಿ ನಾವೂ ನಾಲ್ಕು ದಿನ ಸ್ಟುಡಿಯೋ ಹಿಡಿಯೋಣ ಎನ್ನುವವರಿಗೆ: ಅದರ ಹಿಂದೆ ಇಡೀ ಬೇಸಿಗೆಯ ಅಭ್ಯಾಸವಿತ್ತು, ವಾಲ್ಫೋರ್ಡ್ ಅವರ ತಂದೆತಾಯಿಯ ಮನೆಯ ನೆಲಮಾಳಿಗೆಯಲ್ಲಿ. ವಾದ್ಯಭಾಗ ಉಗುರಿನ ತುದಿಯವರೆಗೆ ಕೂತಿತ್ತು, ಆದ್ದರಿಂದ ಎಲ್ಲರೂ ಒಟ್ಟಿಗೆ ನುಡಿಸಿ ಕೆಲವೇ ಟೇಕ್‌ಗಳಲ್ಲಿ ಮುಗಿಸಿದರು. ಪಾಲ್ಸನ್ ಅವರ ಪದ್ಧತಿಯೂ ಅದೇ, ಬ್ಯಾಂಡ್ ಕೋಣೆಯಲ್ಲಿ ನುಡಿಸಿದಂತೆ ಹಿಡಿಯುವುದು. ಮಾತುಗಳು ಮಾತ್ರ ಬಹುಮಟ್ಟಿಗೆ ಸ್ಟುಡಿಯೋದಲ್ಲೇ ಬರೆದು ಮುಗಿದವು. ಸ್ಟುಡಿಯೋ ಖರ್ಚನ್ನು ಟಚ್ ಅಂಡ್ ಗೋ ಸಂಸ್ಥೆಯ ಕೋರಿ ರಸ್ಕ್ ವಹಿಸಿಕೊಂಡರು.

ಸೂಜಿಮೊನೆ

ಯಾವ ಪ್ರತಿ ಕೊಳ್ಳಬೇಕು ಎಂದು ಕೇಳುವವರಿಗೆ. 2014ರಲ್ಲಿ ಬಾಬ್ ವೆಸ್ಟನ್ ಮೂಲ ಟೇಪ್‌ನಿಂದ ಮರುಸಂಸ್ಕರಿಸಿದ ಆವೃತ್ತಿ ಬಂತು. ಅದರ ಜೊತೆಗೆ 3,138 ಪ್ರತಿಗಳ ಪೆಟ್ಟಿಗೆ ಆವೃತ್ತಿಯೂ ಇತ್ತು: 104 ಪುಟದ ಪುಸ್ತಕ, ಬಳಸದೆ ಉಳಿದ 14 ಮುದ್ರಣಗಳು, ಲ್ಯಾನ್ಸ್ ಬ್ಯಾಂಗ್ಸ್ ಮಾಡಿದ ಸಾಕ್ಷ್ಯಚಿತ್ರ. ಕೇಳಲಷ್ಟೇ ಬೇಕಾದರೆ ಒಂಟಿ ತಟ್ಟೆಯ ಮರುಮುದ್ರಣ ಸಾಕು. 1991ರ ಮೊದಲ ಪ್ರತಿಗೆ ದುಬಾರಿ ಬೆಲೆ ಕೊಡುವುದು ಸಂಗ್ರಹದ ಆಸೆಗೆ, ಸದ್ದಿಗಲ್ಲ. ಬ್ಯಾಂಡ್ ಕಲಿಯುವವರಿಗೆ ಆ 14 ಮುದ್ರಣಗಳು ತುಂಬ ಬೆಲೆಯವು. ಹಾಡುಗಳು ಕಚ್ಚಾ ರೂಪದಿಂದ ಹೇಗೆ ಸಣ್ಣಗಾಗುತ್ತ, ಬಿಗಿಯಾಗುತ್ತ ಬಂದವೆಂದು ಅಲ್ಲಿ ಕೇಳಬಹುದು.

ತಂತಿಮೀಟು

‘ಸ್ಪೈಡರ್‌ಲ್ಯಾಂಡ್’ ಮುಖಪುಟದ ಚಿತ್ರ ತೆಗೆದವರು ಬ್ಯಾಂಡಿನ ಗೆಳೆಯ ವಿಲ್ ಓಲ್ಡಮ್. ಇಂಡಿಯಾನಾದ ಯೂಟಿಕಾ ಬಳಿ ಕಲ್ಲುಗಣಿಯ ನೀರಿನಲ್ಲಿ ನಾಲ್ಕು ತಲೆಗಳು. ಮುಂದೆ ಓಲ್ಡಮ್ ಅವರ ಪ್ಯಾಲೇಸ್ ಬ್ರದರ್ಸ್‌ನ 1993ರ ಮೊದಲ ಆಲ್ಬಮ್‌ನಲ್ಲಿ ಮೆಕ್‌ಮಹಾನ್, ವಾಲ್ಫೋರ್ಡ್, ಬ್ರಶಿಯರ್ ಮೂವರೂ ನುಡಿಸಿದರು. ಪಾಹೊ ಟಾರ್ಟಾಯ್ಸ್ ಬ್ಯಾಂಡ್ ಸೇರಿದರು, ಆಮೇಲೆ ಪಾಪಾ ಎಂ ಹೆಸರಲ್ಲಿ ತಮ್ಮದೇ ಸಂಗೀತ ತಂದರು. ಮೆಕ್‌ಮಹಾನ್ ಕಟ್ಟಿದ ತಂಡ ದಿ ಫಾರ್ ಕಾರ್ನೇಶನ್. ‘ಸ್ಪೈಡರ್‌ಲ್ಯಾಂಡ್’ನ ಮೆಲು ಭಾಗ ಇಷ್ಟವಾದವರು ಮೊದಲು ಹೋಗಬೇಕಾದದ್ದು ಅಲ್ಲಿಗೆ, 2000ದ ಆಲ್ಬಮಿಗೆ. ವಾಲ್ಫೋರ್ಡ್ 1990ರ ಬ್ರೀಡರ್ಸ್ ಆಲ್ಬಮ್ ‘ಪಾಡ್’ನಲ್ಲಿ ಶಾನನ್ ಡೌಟನ್ ಎಂಬ ಬೇರೆ ಹೆಸರಲ್ಲಿ ಡ್ರಮ್ಸ್ ನುಡಿಸಿದ್ದಾರೆ, ಪಟ್ಟಿಯಲ್ಲಿ ಅವರ ಹೆಸರು ಹುಡುಕಿ ಸಿಗದವರಿಗೆ ಇದು.

ಅಡಿಕೆತೋಟ

ಯಾರಿಗೂ ಗೊತ್ತಿಲ್ಲದ ಬ್ಯಾಂಡ್ ಗೊತ್ತಾದದ್ದು ಯಾವಾಗ?

ನೆಲಮಾಳಿಗೆ

ನಿಧಾನವಾಗಿ. 1991ರಲ್ಲಿ ಅಲ್ಬಿನಿ ಮೆಲೋಡಿ ಮೇಕರ್ ಪತ್ರಿಕೆಯಲ್ಲಿ ಬರೆದ ವಿಮರ್ಶೆ ಮುಖ್ಯವಾದದ್ದು. ಈ ಆಲ್ಬಮ್ ಹತ್ತು ವರ್ಷದಲ್ಲಿ ಮೈಲಿಗಲ್ಲಾಗುತ್ತದೆ ಎಂಬ ಅರ್ಥದ ಮಾತನ್ನು ಆಗಲೇ ಅವರು ಹೇಳಿದ್ದರು. 1995ರಲ್ಲಿ ಲ್ಯಾರಿ ಕ್ಲಾರ್ಕ್ ಅವರ ‘ಕಿಡ್ಸ್’ ಚಿತ್ರದ ಹಾಡುಗಳ ಆಲ್ಬಮ್‌ನಲ್ಲಿ ‘ಕ್ಯಾಪ್ಟನ್’ ಸೇರಿತು, ಬಹಳ ಜನ ಮೊದಲು ಕೇಳಿದ್ದು ಅಲ್ಲಿ. ಆ ಹೊತ್ತಿಗೆ ರಾಕ್ ವಾದ್ಯಗಳಲ್ಲೇ ರಾಕ್‌ನ ಆಚೆ ಹೋಗುವ ಸಂಗೀತಕ್ಕೆ ಪೋಸ್ಟ್-ರಾಕ್ ಎಂಬ ಹೆಸರೂ ಓಡಾಡುತ್ತಿತ್ತು, ಮೊಗ್ವಾಯ್‌ನಂಥ ಬ್ಯಾಂಡ್‌ಗಳು ಬಂದವು. 2005ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಕ್ಯಾಂಬರ್ ಸ್ಯಾಂಡ್ಸ್‌ನಲ್ಲಿ ಮತ್ತೆ ವೇದಿಕೆ ಏರಿದರು. 2007ರಲ್ಲಿ ಇಡೀ ‘ಸ್ಪೈಡರ್‌ಲ್ಯಾಂಡ್’ ಮೊದಲಿಂದ ಕೊನೆಯವರೆಗೆ ನುಡಿಸಿದರು. ಬ್ರಶಿಯರ್ ಆ ಮರುಕೂಟಕ್ಕೆ ಬರಲಿಲ್ಲ. ಮೂರನೆಯ ಆಲ್ಬಮ್ ಬಂದಿಲ್ಲ.

ರಾತ್ರಿಪಾಳಿ

‘ಫಾರ್ ಡಿನ್ನರ್...’ ಯಾರೂ ಮುಟ್ಟಿಲ್ಲ. ಮಾತಿಲ್ಲದ ಹಾಡು, ಹಾರಿಸಿ ಮುಂದೆ ಹೋಗುವವರೇ ಹೆಚ್ಚು. ಅದನ್ನು ಬಿಟ್ಟರೆ ‘ವಾಷರ್’ನ ಅಬ್ಬರದಿಂದ ನೇರ ‘ಕ್ಯಾಪ್ಟನ್’ಗೆ ಬೀಳುತ್ತೀರಿ, ಕಿವಿ ಇಳಿದಿರುವುದಿಲ್ಲ, ಕೊನೆಯ ಕೂಗು ಸಣ್ಣದೆನಿಸುತ್ತದೆ. ವೇದಿಕೆಯ ಮೇಲೆ ಈ ಮೂರನ್ನು ನುಡಿಸುವ ತಂಡಗಳೂ ಇದೇ ತಪ್ಪು ಮಾಡುತ್ತವೆ. ಸಮಯ ಸಾಲದಿದ್ದರೆ ‘ವಾಷರ್’ ಬಿಡಿ, ‘ಫಾರ್ ಡಿನ್ನರ್...’ ಉಳಿಸಿಕೊಳ್ಳಿ.